ಸಿ ಡಿಸ್ಕಿನಲ್ಲಿ ಉಳಿದ ನಡೆ

ಸಾಯ್ಕಾಲಳ ಮನೆಯ ಕಿಟಕಿಯ ಹಲಗೆಯ ಮೇಲೆ ಚದುರಂಗದ ಹಾಸುಗಳು ಸಾಲಾಗಿ ಇರುತ್ತಿದ್ದವು. ಎಲ್ಲದರಲ್ಲೂ ಆಟ ಅರ್ಧಕ್ಕೆ ನಿಂತಿರುತ್ತಿತ್ತು. ಒಂದರ ಎದುರಾಳಿ ಚಿತಾ ಊರಿನ ರೈಲ್ವೆ ನೌಕರ, ಇನ್ನೊಂದರವಳು ರೀಗಾದ ಹಲ್ಲಿನ ಡಾಕ್ಟರು, ಮತ್ತೊಂದರವನು ಸೆಮೆಯ್ ಊರಿನ ಪಿಂಚಣಿದಾರ. ಯಾರ ಮುಖವನ್ನೂ ಅವಳು ಕಂಡಿರಲಿಲ್ಲ. ಅವರ ನಡೆಗಳು ಈಮೇಲಿನಲ್ಲಿ ಬರುತ್ತಿದ್ದವು. ಬಂದ ನಡೆಯನ್ನು ಹಾಸಿನ ಮೇಲೆ ಇಟ್ಟು, ಟೀ ಕುಡಿಯುತ್ತ ನೋಡಿ, ಒಂದೆರಡು ದಿನ ಬಿಟ್ಟು ತನ್ನ ನಡೆಯನ್ನು ಬರೆಯುತ್ತಿದ್ದಳು. ಒಂದು ಹಾಸು ಮಾತ್ರ ಗೋಡೆಯ ಕಪಾಟಿನ ಮೇಲಿತ್ತು. ಅದರ ಆಟ ವರ್ಷಗಳಿಂದ ಮುಂದೆ ಹೋಗಿರಲಿಲ್ಲ. ಧೂಳು ಒರೆಸುವಾಗ ಕಾಯಿಗಳನ್ನು ಒಂದೊಂದಾಗಿ ಎತ್ತಿ, ಒರೆಸಿ, ಇದ್ದ ಮನೆಯಲ್ಲೇ ಇಡುತ್ತಿದ್ದಳು.

ಪಕ್ಕದ ಮನೆಯ ಊಲ್ಕಾನ್ ಬಂದಾಗಲೆಲ್ಲ ಆ ಹಾಸುಗಳ ಮೇಲೆ ಕಣ್ಣು ಬೀಳುತ್ತಿತ್ತು.

"ಅಲ್ಲ ಕಣೇ ಸಾಯ್ಕಾಲ್, ಮುಖ ಇಲ್ಲದ ಗಂಡಸರ ಜೊತೆ ಆಡ್ತಾ ಕೂತಿರ್ತೀಯಲ್ಲ, ಅವರಲ್ಲಿ ಒಬ್ಬನಾದ್ರೂ ಬಂದು ನಿನ್ನ ಒಲೆಗೆ ಒಂದು ಬಕೆಟ್ ಕಲ್ಲಿದ್ದಲು ಹಾಕ್ತಾನಾ?"

"ನಿಮ್ಮನೆಯವರು ಹಾಕ್ತಾರಾ, ಏಜೆ?" ಹಿರಿಯಕ್ಕನನ್ನು ಅಲ್ಲಿ ಕರೆಯುವುದೇ ಹಾಗೆ.

"ಅವನೆಲ್ಲಿ ಹಾಕ್ತಾನೆ! ಆದ್ರೆ ಹಾಕಲಿಲ್ಲ ಅಂತ ಬೈಯೋಕೆ ಒಬ್ಬ ಇದಾನಲ್ಲ."

ಸಾಯ್ಕಾಲಳಿಗೂ ಮದುವೆಯಾಗಿತ್ತು. ಅದು ಎರಡು ಚಳಿಗಾಲ ತಾಳಲಿಲ್ಲ. ಗಂಡ ಲಾರಿ ಹತ್ತಿ ಉತ್ತರಕ್ಕೆ ಹೋದವನು ಅಲ್ಲಿಯೇ ಇನ್ನೊಂದು ಒಲೆ ಹಚ್ಚಿದ. ಇವಳು ಕರಕೋಲ್ ಊರಿನಲ್ಲಿ, ತಾಯಿ ಬಿಟ್ಟುಹೋದ ನೀಲಿ ಕದಗಳ ಮನೆಯಲ್ಲಿ ಉಳಿದಳು. ಕೆಲಸ ಹಾಲಿನ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ. ಹಳ್ಳಿಗಳಿಂದ ಬರುವ ಪ್ರತಿ ಕ್ಯಾನಿನಿಂದ ಮಾದರಿ ತೆಗೆದು, ಕೊಬ್ಬು ಎಷ್ಟು, ನೀರು ಎಷ್ಟು ಎಂದು ಅಳೆಯುವುದು. ಹಾಲಿಗೆ ನೀರು ಬೆರೆಸಿದವರು ಅವಳ ಮುಂದೆ ಆಣೆ ಪ್ರಮಾಣ ಮಾಡುತ್ತಿದ್ದರು. ಅವಳು ಗಾಜಿನ ಕೊಳವೆಯನ್ನು ಎತ್ತಿ ತೋರಿಸುತ್ತಿದ್ದಳು, ಅಷ್ಟೆ. ಜಗಳವಾಡುತ್ತಿರಲಿಲ್ಲ.

ಅಂಚೆಯ ಚದುರಂಗ ಅವಳಿಗೆ ಹತ್ತಿದ್ದು ಸೋವಿಯತ್ ಒಕ್ಕೂಟದ ಕಾಲದಲ್ಲಿ, ಕಾರ್ಖಾನೆಯ ಕ್ಲಬ್ಬಿನಿಂದ. ಆಗ ನಡೆಗಳು ಕಾರ್ಡಿನಲ್ಲಿ ಬರುತ್ತಿದ್ದವು. ಆ ಆಟಕ್ಕೆ ಎರಡು ಕಟ್ಟಳೆ. ಅಂಚೆಪೆಟ್ಟಿಗೆಗೆ ಬಿದ್ದ ನಡೆಯನ್ನು ವಾಪಸ್ ತೆಗೆಯುವಂತಿಲ್ಲ. ಇನ್ನೊಂದು, ತನ್ನ ಸರದಿ ಬಂದಾಗ ಮಾತ್ರ ಬರೆಯಬೇಕು. ಎದುರಾಳಿ ಯೋಚಿಸುತ್ತಿರುವಾಗ ಬಾಗಿಲು ತಟ್ಟಬಾರದು. ಎರಡನೆಯದು ಯಾವ ಪುಸ್ತಕದಲ್ಲೂ ಇರಲಿಲ್ಲ, ಆದರೆ ಹಳಬರೆಲ್ಲ ಪಾಲಿಸುತ್ತಿದ್ದರು. ಒಕ್ಕೂಟ ಒಡೆದ ಮೇಲೆ ಒಂದೇ ದೇಶದ ಊರುಗಳು ಬೇರೆ ಬೇರೆ ದೇಶಗಳಾದವು. ಕಾರ್ಡುಗಳು ದಾರಿಯಲ್ಲೇ ಕಳೆದುಹೋಗತೊಡಗಿ ಆಟಗಳು ನಿಂತವು. ಎಷ್ಟೋ ವರ್ಷಗಳ ನಂತರ ಕಾರ್ಖಾನೆ ತನ್ನ ಹಳೆಯ ಕಂಪ್ಯೂಟರುಗಳನ್ನು ಹೊರಗೆ ಹಾಕಿದಾಗ ಸಾಯ್ಕಾಲ್ ಒಂದನ್ನು ಸ್ಲೆಡ್ಜಿನ ಮೇಲೆ ಕಟ್ಟಿ ಮನೆಗೆ ಎಳೆದು ತಂದಳು. ಫೋನಿನ ತಂತಿ ಜೋಡಿಸಿದಳು. ಹಳೆಯ ಆಟಗಾರರು ಒಬ್ಬೊಬ್ಬರಾಗಿ ಸಿಕ್ಕಿದರು.

ನಜರ್‌ಶೋ ಸಿಕ್ಕಿದ್ದು ಆಗ. ಪಾಮಿರ್ ಬೆಟ್ಟಗಳ ಖೊರೋಗ್ ಊರಿನವನು. ನದಿಯ ನೀರಿನ ಮಟ್ಟ ಅಳೆಯುವುದು ಅವನ ಕೆಲಸ. ಇಬ್ಬರೂ ಅಳೆಯುವವರೇ. ಮೊದಮೊದಲು ನಡೆ ಮಾತ್ರ ಬರುತ್ತಿತ್ತು. ಆಮೇಲೆ ನಡೆಯ ಕೆಳಗೆ ಒಂದು ಸಾಲು: ಇವತ್ತು ನದಿ ಒಂದು ಗೇಣು ಏರಿದೆ. ಇವಳೂ ಒಂದು ಸಾಲು ಬರೆದಳು: ಹಸುಗಳು ಹುಲ್ಲುಗಾವಲಿಗೆ ಹೋದವು, ಹಾಲು ಗಟ್ಟಿಯಾಯಿತು. ಅವನು ಬೆಳಿಗ್ಗೆ ಬೆಣ್ಣೆ ಹಾಕಿದ ಉಪ್ಪು ಟೀಯಲ್ಲಿ ರೊಟ್ಟಿ ಮುರಿದು ತಿನ್ನುತ್ತೇನೆ ಎಂದು ಬರೆದಾಗ, ಇವಳು ಆ ಟೀಯಲ್ಲಿ ಕೊಬ್ಬಿನ ಅಂಶ ಎಷ್ಟಿರಬಹುದೆಂದು ಲೆಕ್ಕ ಹಾಕಿ ಕಳುಹಿಸಿದಳು. ಅವನ ಉತ್ತರ ಬಂತು: "ನನ್ನ ಹೆಂಡತಿ ಇದ್ದಿದ್ದರೆ ಇದನ್ನು ಓದಿ ನಿಮ್ಮನ್ನು ಮನೆಗೆ ಕರೆಯುತ್ತಿದ್ದಳು. ಅವಳು ಹೋಗಿ ಆರು ವರ್ಷವಾಯಿತು." ಅದರ ಮೇಲೆ, ಎಂದಿನಂತೆ, ನಡೆ.

ಒಂದು ಏಪ್ರಿಲಿನಲ್ಲಿ ನಡೆಯ ಕೆಳಗೆ ಸಾಲುಗಳು ಹೆಚ್ಚಿದ್ದವು. ಜೂನ್ ಮೊದಲ ಭಾನುವಾರ ಕಚೇರಿಯ ಕೆಲಸಕ್ಕೆ ಓಶ್‌ಗೆ ಬರುವ ಅವಕಾಶವಿದೆ. ಆ ಊರಿನ ಉದ್ಯಾನದೊಳಗೆ, ಪಾಪ್ಲಾರ್ ಮರಗಳ ಕೆಳಗೆ ಒಂದು ಚಹಾ ಮನೆಯಿದೆ. ಈ ಆಟವನ್ನು ಅಲ್ಲಿ ಎದುರುಬದುರು ಕೂತು ಮುಗಿಸೋಣವೇ? ಬರುವಿರಾದರೆ ನಾನೂ ಹೊರಡುತ್ತೇನೆ. ನಿಮಗೆ ಸರಿಬರದಿದ್ದರೆ ಈ ಮಾತನ್ನು ಮರೆತುಬಿಡಿ.

ಈ ಸಲ ಸಾಯ್ಕಾಲ್ ಎಂದಿನಂತೆ ಒಂದೆರಡು ದಿನ ಕಾಯಲಿಲ್ಲ. ಕುದುರೆಯನ್ನು ಮುಂದಕ್ಕೆ ಹಾರಿಸಿ, "ಬರುತ್ತೇನೆ" ಎಂದು ಬರೆದು, ಕಳುಹಿಸುವ ಗುಂಡಿ ಒತ್ತಿದಳು. ಹೊರಗೆ ಕೊನೆಯ ಹಿಮ ಬೀಳುತ್ತಿತ್ತು. ಫೋನಿನ ಗೊರಗೊರ ಸದ್ದು ಮಧ್ಯದಲ್ಲೇ ನಿಂತಿತು. ಪತ್ರ ಮಾತ್ರ ಪರದೆಯಿಂದ ಮರೆಯಾಗಿತ್ತು. ಹೋಯಿತು ಎಂದುಕೊಂಡು ಅವಳು ಯಂತ್ರ ಆರಿಸಿದಳು.

ಮರುದಿನ ಯಂತ್ರ ಏಳಲಿಲ್ಲ. ಮೆಲಿಸ್ ಎಂಬ ರಿಪೇರಿಯವನು ಬಂದು, ವೈರಸ್ ಹೊಕ್ಕಿದೆ ಎಂದು ಹೇಳಿ, ಎಲ್ಲರನ್ನೂ ಕೇಳುವ ಪ್ರಶ್ನೆ ಕೇಳಿದ: "ಸಿ-ಯಲ್ಲಿ ಬೇಕಾದ್ದು ಏನೂ ಇಲ್ಲ ತಾನೆ?" ಕರಕೋಲಿನಲ್ಲಿ ಮನೆಮನೆಯ ಕಂಪ್ಯೂಟರೂ ಎರಡು ಪಾಲು. ಸಿ ಪಾಲಿನಲ್ಲಿ ವಿಂಡೋಸ್. ಅದು ಕೆಲವು ವರ್ಷಕ್ಕೊಮ್ಮೆ ಮೊಸರಿನಂತೆ ಹುಳಿಯುತ್ತದೆ, ಅಳಿಸಿ ಹೊಸದು ಹಾಕಬೇಕು. ಡಿ ಪಾಲಿನಲ್ಲಿ ಫೋಟೋ, ಹಾಡು, ಮದುವೆಯ ವಿಡಿಯೋ. ಅದನ್ನು ಯಾರೂ ಮುಟ್ಟುವುದಿಲ್ಲ. ಬೇಕಾದ್ದು ಡಿ-ಯಲ್ಲಿ, ಬೇಡವಾದದ್ದು ಸಿ-ಯಲ್ಲಿ. ಮಕ್ಕಳಿಗೂ ಗೊತ್ತಿದ್ದ ಮಾತು. ಸಾಯ್ಕಾಲ್ ಕೂಡ ಅದನ್ನೇ ಹೇಳಿದಳು: "ಏನೂ ಇಲ್ಲ. ಎಲ್ಲಾ ಡಿ-ಯಲ್ಲಿದೆ."

ಮೇಲ್ ಎಲ್ಲಿರುತ್ತದೆ ಎಂದು ಅವಳು ಯೋಚಿಸಿಯೇ ಇರಲಿಲ್ಲ. ಅದು ತಂತಿಯೊಳಗೆ ಎಲ್ಲೋ ಇರುತ್ತದೆ ಅನ್ನುವಂತೆ ಇದ್ದಳು. ಮೆಲಿಸ್ ಹೋದ ಮೇಲೆ ತೆರೆದು ನೋಡಿದರೆ ಪತ್ರದ ಡಬ್ಬಿಗಳೆಲ್ಲ ಖಾಲಿ. ಪತ್ರ ಒಮ್ಮೆ ಮನೆಯ ಯಂತ್ರಕ್ಕೆ ಇಳಿದರೆ ಅಂಚೆಯವರ ಚೀಲದಲ್ಲಿ ಪ್ರತಿ ಉಳಿಯುತ್ತಿರಲಿಲ್ಲ. ಚಿತಾದವನ, ರೀಗಾದವಳ ನಡೆಗಳು ಬಂದವು, ಅವುಗಳ ಜೊತೆ ಅವರ ವಿಳಾಸವೂ ಬಂತು. ನಜರ್‌ಶೋನಿಂದ ಏನೂ ಬರಲಿಲ್ಲ. ಅವನ ವಿಳಾಸ ಅಕ್ಷರ ಅಂಕಿಗಳ ಒಂದು ಗೊಂಚಲು. ಹೆಸರಿನ ಮೊದಲಕ್ಷರ ಒತ್ತಿದರೆ ಪ್ರೋಗ್ರಾಂ ತಾನೇ ತುಂಬುತ್ತಿತ್ತು, ಅವಳು ಅದನ್ನು ಬಾಯಿಪಾಠ ಮಾಡಿರಲಿಲ್ಲ. ಇರಲಿ, ಸರದಿ ಅವನದು, ಮಾತು ಕೊಟ್ಟಾಗಿದೆ ಎಂದು ಸಮಾಧಾನ ಮಾಡಿಕೊಂಡಳು.

ಜೂನಿನಲ್ಲಿ ಬಸ್ಸು ಹತ್ತಿ, ಬಿಷ್ಕೆಕ್ ಮೇಲೆ ಹಾದು, ಎರಡು ಕಣಿವೆ ದಾಟಿ ಓಶ್‌ಗೆ ಹೋದಳು. ಮಡಚುವ ಹಾಸನ್ನೂ, ಎಣ್ಣೆಯಲ್ಲಿ ಕರಿದ ಹಿಟ್ಟಿನ ತಿಂಡಿ ಬೂರ್ಸೋಕನ್ನೂ ಚೀಲದಲ್ಲಿ ಇಟ್ಟುಕೊಂಡಿದ್ದಳು. ಚಹಾ ಮನೆಯ ಜಗಲಿಯ ಮೇಲೆ ಕಾಯಿಗಳನ್ನು ಜೋಡಿಸಿ ಕೂತಳು. ಮುದುಕರು ಬಂದು ನೋಡಿದರು, ಒಬ್ಬ ಕೇಳಿಯೂ ಕೇಳಿದ: "ಆಡಾಣ್ವೇನಮ್ಮ?" "ಇಲ್ಲ, ಇದು ಇನ್ನೊಬ್ಬರ ಆಟ" ಅಂದಳು. ಚಹಾದವನು ನೀರು ಚಿಮುಕಿಸಿ ನೆಲ ಗುಡಿಸತೊಡಗಿದಾಗ ಎದ್ದಳು. ಬೂರ್ಸೋಕನ್ನು ಅವನಿಗೇ ಕೊಟ್ಟಳು.

ವಾಪಸ್ ಬರುವ ಬಸ್ಸಿನಲ್ಲಿ ಅವಳಿಗೆ ಇನ್ನೊಂದು ವಿಷಯ ಹೊಳೆಯಿತು. ಆ ಕುದುರೆಯ ನಡೆಯೇ ತಪ್ಪು. ಅದು ಹಾರಿದ ಕೂಡಲೇ ಹಿಂದಿದ್ದ ಒಂಟೆಗೆ ಕಾವಲು ತಪ್ಪಿತ್ತು. ಸಂತೋಷದಲ್ಲಿ ನೋಡದೆ ಆಡಿದ್ದಳು. ಮನೆಗೆ ಬಂದು ಆ ಹಾಸನ್ನು ಕಪಾಟಿನ ಮೇಲೆ ಇಟ್ಟಳು. ಖೊರೋಗಿಗೆ ಕಾಗದ ಬರೆದು ಹುಡುಕಿಸಬಹುದಿತ್ತು. ಆದರೆ ಕರೆದು ಬಾರದವನ ಬಾಗಿಲನ್ನು ತಾನೇಕೆ ತಟ್ಟಬೇಕು?

ಹೀಗೆ ಕಪಾಟು ಧೂಳು ಹಿಡಿಯುವುದು, ಒರೆಸುವುದು ನಡೆಯುತ್ತ ವರ್ಷಗಳು ಕಳೆದವು. ಒಂದು ಚಳಿಗಾಲ ವಿದ್ಯುತ್ತಿಗೆ ಬರ ಬಂತು. ಊರಿಗೆ ಕರೆಂಟು ಪಾಳಿಯ ಮೇಲೆ ಬರುತ್ತಿತ್ತು. ಒಂದು ದಿನ ಅವಳು ರೀಗಾಕ್ಕೆ ನಡೆ ಬರೆಯುತ್ತಿದ್ದಾಗಲೇ ದೀಪ ಹೋಯಿತು. ಕರೆಂಟು ಬಂದ ಮೇಲೆ ಯಂತ್ರ ಕಪ್ಪು ಪರದೆಯ ಮೇಲೆ ಎರಡು ಸಾಲು ತೋರಿಸಿ ಅಲ್ಲಿಗೇ ನಿಂತಿತು. ಮೆಲಿಸ್ ಆ ಹೊತ್ತಿಗೆ ದುಡಿಯಲು ಮಾಸ್ಕೋಗೆ ಹೋಗಿದ್ದ. ಬಂದವನು ಇಸ್ಮಾರ್, ಹಿಂದೆ ಟೀವಿ ರಿಪೇರಿ ಮಾಡುತ್ತಿದ್ದ ದುಂಗಾನ್ ಜನಾಂಗದ ಗಂಡಸು, ಬೆನ್ನು ನೋವಿನವನು, ಮಾತಿಗೆ ಬಡತನವಿಲ್ಲದವನು.

ಬೂರ್ಸೋಕಿನ ತಟ್ಟೆಯನ್ನು ಹತ್ತಿರ ಎಳೆದುಕೊಂಡು ಅವನೂ ಅದನ್ನೇ ಕೇಳಿದ: "ಸಿ-ಯಲ್ಲಿ ಏನೂ ಇಲ್ಲ ತಾನೆ, ಏಜೆ?"

"ಇದೆ."

"ಏನಿದೆ?"

"ಜನ ಇದಾರೆ."

ಇಸ್ಮಾರನ ಕೈ ತಟ್ಟೆಯ ಮೇಲೇ ನಿಂತಿತು. "ಜನ ಅಂದ್ರೆ?"

"ನನ್ನ ಮೇಲ್ ಎಲ್ಲಾ ಅದರೊಳಗಿದೆ. ಹಿಂದೆ ಒಂದ್ಸಲ ಹೀಗೇ ಏನೂ ಇಲ್ಲ ಅಂದು ಒಬ್ಬರನ್ನ ಕಳ್ಕೊಂಡೆ. ಈ ಸಲ ಮೊದಲು ಅದು ಎಲ್ಲಿದೆ ಅಂತ ಹುಡುಕು. ತೆಗೆದು ಪಕ್ಕಕ್ಕೆ ಇಡು. ನಾನು ನೋಡ್ತೀನಿ. ಆಮೇಲೆ ಅಳಿಸುವಿಯಂತೆ."

"ನೀವು ಪ್ರಯೋಗಶಾಲೆಯೋರು, ನಿಮ್ಮತ್ರ ತಪ್ಪಿಸ್ಕೊಳ್ಳೋಕಾಗುತ್ತಾ!" ಎನ್ನುತ್ತ ಅವನು ಯಂತ್ರದ ಹೊಟ್ಟೆ ಬಿಚ್ಚಿ, ಡಿಸ್ಕನ್ನು ಹೊರತೆಗೆದು, ತನ್ನ ಲ್ಯಾಪ್‌ಟಾಪಿಗೆ ತಂತಿಯಿಂದ ಜೋಡಿಸಿದ. ಸ್ವಲ್ಪ ಹೊತ್ತಿಗೆ ಮುಖ ಅರಳಿತು. "ಸಿಕ್ತು. ಪ್ರೋಗ್ರಾಮಿನ ಹೆಸರಿಂದೇ ಫೋಲ್ಡರು. ಹೀಗೇ ಎತ್ತಿ ಡಿ-ಗೆ ಹಾಕಿದ್ರೆ ಮುಗೀತು. ಟೀ ಕೊಡಿ."

"ತೂಕ ಎಷ್ಟಿದೆ?"

"ಯಾವುದರ ತೂಕ?"

"ಆ ಫೋಲ್ಡರು ಎಷ್ಟು ಜಾಗ ತಿಂತಿದೆ ನೋಡು."

ಅವನು ನೋಡಿ ಹೇಳಿದ. ಸಾಯ್ಕಾಲ್ ತಲೆಯಾಡಿಸಿದಳು. "ಚಿತಾದವನು ಪ್ರತಿ ನಡೆ ಜೊತೆ ಒಂದು ರೈಲಿನ ಫೋಟೋ ಕಳಿಸ್ತಾನೆ. ಆ ರೈಲುಗಳೇ ಇದರ ಎರಡರಷ್ಟಾಗ್ಬೇಕು. ಇದರಲ್ಲಿ ಹಾಲಿಲ್ಲ ಇಸ್ಮಾರ್. ಬರೀ ಕ್ಯಾನು."

ಇಸ್ಮಾರ್ ಫೋಲ್ಡರನ್ನು ತೆರೆದು ಮೇಲಿಂದ ಕೆಳಗೆ ನೋಡಿದ. ನಿಜ, ಪ್ರೋಗ್ರಾಮಿನ ಸರಕು ಮಾತ್ರ ಇತ್ತು. ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. "ಹೋದ ತಿಂಗಳು ಒಬ್ಬ ನೋಟರಿ ಹೆಂಗಸಿಗೆ ಹೀಗೇ ಎತ್ತಿಕೊಟ್ಟಿದ್ದೆ. ಬೀದೀಲಿ ನಿಂತು ಬೈದಳು. ಯಾಕೆ ಬೈದಳು ಅಂತ ಈಗ ಗೊತ್ತಾಯ್ತು."

"ಅಂಗಡಿ ಇಲ್ಲಿದೆ ಅಂದ್ರೆ ಗೋದಾಮು ಬೇರೆ ಕಡೆ ಇರಬೇಕು."

"ಇರಬೇಕು. ಅಡಗಿಸಿಟ್ಟ ಫೋಲ್ಡರುಗಳೂ ಕಾಣೋ ಹಾಗೆ ಮಾಡ್ತೀನಿ, ತಡೀರಿ."

ಹಾಗೆ ಮಾಡಿದಾಗ ಪರದೆಯ ಮೇಲೆ ಮಬ್ಬು ಬಣ್ಣದ ಫೋಲ್ಡರುಗಳು ಮೂಡಿದವು, ಹಿಮ ಕರಗಿದ ಮೇಲೆ ಹಳೆಯ ಕಾಲುದಾರಿ ಕಾಣಿಸುವ ಹಾಗೆ. ಯಂತ್ರವನ್ನು ಬಳಸುವವರ ಹೆಸರಿನ ಫೋಲ್ಡರು, ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಒಂದು ಕಡೆ ಬಾಗಿಲು ಹಾಕಿತ್ತು; ಇಸ್ಮಾರ್ ಒಡೆತನವನ್ನು ತನ್ನ ಹೆಸರಿಗೆ ಬದಲಾಯಿಸಿ ತೆರೆದ. ಒಳಗೆ ಬಂದ ಪತ್ರಗಳದ್ದೊಂದು ಕಡತ, ಕಳುಹಿಸಿದವುಗಳದ್ದೊಂದು, ವಿಳಾಸಗಳದ್ದೊಂದು. ತೂಕವೂ ಸರಿಹೊಂದಿತು. ಸಾಯ್ಕಾಲ್ ಅಲ್ಲಿಯವರೆಗೂ ನಿಂತೇ ಇದ್ದವಳು ಸ್ಟೂಲಿನ ಮೇಲೆ ಕೂತಳು.

"ಇನ್ನೆಲ್ಲಾದ್ರೂ ಇದೆಯಾ ನೋಡು" ಅಂದಳು. ಅಭ್ಯಾಸಬಲ. ಕಾರ್ಖಾನೆಯಲ್ಲಿ ಒಂದು ಮಾದರಿಯನ್ನು ನಂಬುತ್ತಿರಲಿಲ್ಲ, ಇನ್ನೊಂದು ತೆಗೆಯುತ್ತಿದ್ದಳು.

"ಇನ್ನೆಲ್ಲಿರುತ್ತೆ?" ಎನ್ನುತ್ತಲೇ ಇಸ್ಮಾರ್ ಇಡೀ ಸಿ-ಯಲ್ಲಿ ಅದೇ ಹೆಸರಿನ ಕಡತ ಹುಡುಕಲು ಹಚ್ಚಿದ. ಒಂದು ಲೋಟ ಟೀ ಮುಗಿಯುವಷ್ಟರಲ್ಲಿ ಪರದೆಯ ಮೇಲೆ ಎರಡು ಸಾಲು ಬಂದಿತ್ತು.

"ಎರಡಿದೆ!" ಇಸ್ಮಾರ್ ಹತ್ತಿರ ಬಾಗಿದ. "ಏಜೆ, ಹಿಂದೆ ನಿಮಗೆ ವಿಂಡೋಸ್ ಹಾಕಿಕೊಟ್ಟೋರು ಯಾರು? ಮೆಲಿಸ್ ತಾನೆ? ಆ ಮಹಾ ಸೋಮಾರಿ ಅಳಿಸೇ ಇಲ್ಲ! ಅಳಿಸೋಕೆ ಹೊತ್ತು ಹಿಡಿಯುತ್ತೆ ಅಂತ ಹಳೇದರ ಮೇಲೇ ಹೊಸದನ್ನ ಹಾಸಿಟ್ಟು ಹೋಗಿದಾನೆ. ಹೊಸ ಹೆಸರಿಗೆ ಹೊಸ ಫೋಲ್ಡರು. ಹಳೇದು ಪಕ್ಕದಲ್ಲೇ ಬಿದ್ದಿದೆ, ಹಾಗೇ. ಆ ಸೋಮಾರಿಗೆ ಒಂದು ದುವಾ ಮಾಡಿ, ಏಜೆ. ಅವನು ನಿಯತ್ತಿನ ಮನುಷ್ಯ ಆಗಿದ್ದಿದ್ರೆ ಇದೆಲ್ಲ ಅಂದೇ ಹೋಗ್ತಿತ್ತು."

ಅಂದರೆ ನಜರ್‌ಶೋನ ನದಿ, ಉಪ್ಪು ಟೀ, ಆ ವಿಳಾಸದ ಗೊಂಚಲು ಎಲ್ಲವೂ ಇಷ್ಟು ವರ್ಷ ಇದೇ ಮೇಜಿನ ಕೆಳಗೆ, ಸಾಯ್ಕಾಲಳ ಮೊಣಕಾಲಿಗೆ ತಾಗುವ ಡಬ್ಬಿಯೊಳಗೇ ಇದ್ದವು.

"ಇನ್ನೊಂದು ವಿಚಿತ್ರ ನೋಡಿ" ಅಂದ ಇಸ್ಮಾರ್. "ಹಳೇದರಲ್ಲಿ 'ಕಳುಹಿಸದವು' ಅಂತ ಒಂದು ಕಡತ ಇದೆ. ಅದು ಖಾಲಿ ಇಲ್ಲ. ಒಂದು ಪತ್ರ ಕೂತಿದೆ."

ಅದನ್ನು ತೆರೆದ. ಒಳಗಿನ ಬರಹ ಬರೀ ಕಸದಂತೆ ಕಂಡಿತು. ಅದನ್ನು ಬಿಡಿಸಿ ಓದಲು ಮೇಲ್ ಪ್ರೋಗ್ರಾಮೇ ಬೇಕು. ಆದರೆ ಮೇಲಿನ ಎರಡು ಸಾಲು ಸ್ಪಷ್ಟವಾಗಿದ್ದವು. ಒಂದು, ಆ ವಿಳಾಸ. ಇನ್ನೊಂದು ತಾರೀಕು, ಏಪ್ರಿಲಿನದ್ದು.

ಸಾಯ್ಕಾಲ್ ಎದ್ದು ಒಲೆಯ ಹತ್ತಿರ ಹೋಗಿ, ತುಂಬಿದ್ದ ಒಲೆಗೆ ಮತ್ತೆ ಕಲ್ಲಿದ್ದಲು ಹಾಕಿದಳು. ಅವಳ "ಬರುತ್ತೇನೆ" ಮನೆಯನ್ನೇ ಬಿಟ್ಟಿರಲಿಲ್ಲ. ಖೊರೋಗಿನಲ್ಲಿ ಒಬ್ಬ ಮನುಷ್ಯ ಒಬ್ಬ ಹೆಂಗಸನ್ನು ಚಹಾಕ್ಕೆ ಕರೆದು, ಮೇ ಪೂರ್ತಿ ಪೆಟ್ಟಿಗೆ ನೋಡಿ, ಕೇಳಬಾರದ್ದನ್ನು ಕೇಳಿದೆನೇನೋ ಎಂದು ಸುಮ್ಮನಾಗಿರಬೇಕು. ಅವನೂ ಮತ್ತೆ ಬರೆಯುವಂತಿರಲಿಲ್ಲ. ಸರದಿ ಇವಳದಾಗಿತ್ತು. ಸರದಿ ಅವನದು ಎಂದು ಇವಳು, ಇವಳದು ಎಂದು ಅವನು. ಇಬ್ಬರೂ ಕಟ್ಟಳೆ ಮೀರಲಿಲ್ಲ.

"ಏನಾಯ್ತು ಏಜೆ? ಸಿಕ್ಕಿದ್ದಕ್ಕೆ ಖುಷಿಪಡ್ತೀರಿ ಅಂದ್ಕೊಂಡೆ."

"ಖುಷೀನೇ. ಪ್ರತಿ ಮಾಡು."

ಹಳೆಯದು, ಹೊಸದು ಎರಡನ್ನೂ ಡಿ-ಗೆ ಹಾಕಿಸಿದಳು. ಪೆನ್ ಡ್ರೈವಿಗೂ ಹಾಕಿಸಿದಳು. ಸೀಡಿಗೂ ಬರೆಸಿದಳು. ಒಂದೊಂದನ್ನೂ ತೆರೆಸಿ ತೂಕ ಓದಿಸಿಕೊಂಡಳು.

"ಇನ್ನೊಂದು ಪ್ರತಿ ಮಾಡಿ ಕುದುರೆ ಬೆನ್ನಿಗೆ ಕಟ್ಟಿ ಬೆಟ್ಟಕ್ಕೆ ಕಳಿಸಾಣ್ವಾ?" ಎಂದ ಇಸ್ಮಾರ್.

"ಕುದುರೆ ನಂಬೋ ಹಾಗಿಲ್ಲ" ಅಂದಳು. ಅವನಿಗೆ ಅರ್ಥವಾಗಲಿಲ್ಲ, ಆದರೂ ನಕ್ಕ.

ಆಮೇಲೆ ಸಿ-ಯನ್ನು ಅಳಿಸಿದ. ಈ ಸಲ ನಿಜವಾಗಿ. ಕರೆಂಟಿನ ಪಾಳಿ ಮುಗಿದದ್ದರಿಂದ ಉಳಿದ ಕೆಲಸ ಮರುದಿನ ಮಧ್ಯಾಹ್ನಕ್ಕೆ ಹೋಯಿತು. ಹೊಸ ವಿಂಡೋಸ್, ಹೊಸ ಮೇಲ್ ಪ್ರೋಗ್ರಾಂ. ಎತ್ತಿಟ್ಟಿದ್ದ ಕಡತಗಳನ್ನು ಅವುಗಳ ಜಾಗಕ್ಕೆ ಇಳಿಸಿ, ಹಳೆಯವನ್ನೂ ಪಕ್ಕದಲ್ಲಿ ಸೇರಿಸಿ, ಇಸ್ಮಾರ್ ಫೋನಿನ ತಂತಿ ಚುಚ್ಚಿದ. ಗೊರಗೊರ ಸದ್ದು ಏರಿ, ಸಣ್ಣಗಾಗಿ, ಸಂಪರ್ಕ ಸಿಕ್ಕಿತು. ಕೂಡಲೇ ಒಂದು ಪ್ರಶ್ನೆ ಎದ್ದಿತು: ಕಳುಹಿಸದ ಒಂದು ಪತ್ರವಿದೆ. ಈಗ ಕಳುಹಿಸಲೇ?

"ಅದೇ ಹಳೇ ಕಾಗದ" ಅಂದ ಇಸ್ಮಾರ್. "ಬೇಡ ಅಂತ ಒತ್ತಿ, ಏಜೆ. ವಿಳಾಸ ಸಿಕ್ಕಿದೆಯಲ್ಲ, ಹೊಸದಾಗಿ ಚೆನ್ನಾಗಿ ಬರೀರಿ. ಹಳಸಿದ್ದನ್ನ ಯಾರಿಗಾದ್ರೂ ಬಡಿಸ್ತಾರಾ?"

"ನೀನು ಹೊರಗೆ ಹೋಗಿ ಒಂದು ಸಿಗರೇಟು ಸೇದಿ ಬಾ."

ಅವನು ಹೋದ ಮೇಲೆ ಪತ್ರ ತೆರೆದಳು. ಮೇಲೆ ಕುದುರೆಯ ನಡೆ. ಕೆಳಗೆ: "ಬರುತ್ತೇನೆ. ನಮ್ಮಲ್ಲಿ ಇವತ್ತು ಹಿಮ, ಕೊನೆಯದು ಅನ್ನಿಸುತ್ತದೆ. ಓಶ್‌ನ ಹಾಲು ಹೇಗಿದೆಯೆಂದು ನಾನೇ ನೋಡಬೇಕು. ಬೂರ್ಸೋಕ್ ತರುತ್ತೇನೆ."

ಆ ನಡೆಯನ್ನು ಈ ಲೋಕದಲ್ಲಿ ಅವಳೊಬ್ಬಳನ್ನು ಬಿಟ್ಟು ಯಾರೂ ನೋಡಿರಲಿಲ್ಲ. ಅಳಿಸಿ, ಕುದುರೆಯನ್ನು ಹಿಂದಕ್ಕೆ ಇಟ್ಟು, ಒಂಟೆಯನ್ನು ಉಳಿಸಿಕೊಳ್ಳುವ ನಡೆ ಬರೆಯಬಹುದಿತ್ತು. ವಿವರಣೆ ಬರೆಯಬಹುದಿತ್ತು: ಲೈನು ಕಡಿದದ್ದು, ಮೆಲಿಸ್ ಬಂದದ್ದು, ಓಶ್‌ನಲ್ಲಿ ಕಾದದ್ದು. ಬೆರಳು ಸ್ವಲ್ಪ ಹೊತ್ತು ಅಲ್ಲಿಯೇ ಸುಳಿದಾಡಿತು. ಆದರೆ ಗುಂಡಿಯನ್ನು ಅಂದೇ ಒತ್ತಿದ್ದಳು. ಕಾರ್ಡು ಪೆಟ್ಟಿಗೆಗೆ ಬಿದ್ದಾಗಿತ್ತು. ಪೆಟ್ಟಿಗೆಯ ಬೀಗ ತೆಗೆಯುವವರು ಬರುವುದು ತಡವಾಯಿತು, ಅಷ್ಟೆ. ಇನ್ನು ವಿವರಣೆ ಏಕೆ? ಪತ್ರದ ತಲೆಯ ಮೇಲೆ ತಾರೀಕು ಇದ್ದೇ ಇದೆ. ಪ್ರತಿದಿನ ತಾರೀಕು ಹಾಕಿ ನದಿ ಅಳೆಯುವವನಿಗೆ ಅದು ಕಾಣದೆ ಇರುವುದಿಲ್ಲ.

ಕಳುಹಿಸು ಎಂದು ಒತ್ತಿದಳು. ಈ ಸಲ ಎದ್ದು ಹೋಗಲಿಲ್ಲ. 'ಕಳುಹಿಸದವು' ಖಾಲಿಯಾಗಿ, 'ಕಳುಹಿಸಿದವು' ಒಂದು ಹೆಚ್ಚಾಗುವವರೆಗೆ ನೋಡುತ್ತ ಕೂತಿದ್ದಳು.

ಇಸ್ಮಾರ್ ಬೂಟಿನ ಹಿಮ ಕೊಡವಿ ಒಳಗೆ ಬಂದ. "ಏನು ಬರೆದ್ರಿ?"

"ಏನೂ ಇಲ್ಲ. ಹಳೇದೇ ಹೋಯ್ತು."

ಅವನು ಅವಳ ಮುಖ ನೋಡಿದ. ತಂತಿಗಳನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡ. ಹೊಸಿಲು ದಾಟುವಾಗ, "ಆ ನೋಟರಿ ಹೆಂಗಸಿನ ಮನೆಗೆ ಹೋಗ್ತೀನಿ. ಅವಳ ಹಳೇ ಡಿಸ್ಕು ಇದ್ರೂ ಇರಬಹುದು" ಅಂದ.

ವಿಳಾಸ ಸತ್ತಿದ್ದರೆ ಪತ್ರ ಒಂದೆರಡು ದಿನದಲ್ಲಿ ವಾಪಸ್ ಬರುತ್ತದೆ ಎಂದು ಸಾಯ್ಕಾಲಳಿಗೆ ಗೊತ್ತಿತ್ತು. ಅದು ವಾಪಸ್ ಬರಲಿಲ್ಲ. ಉತ್ತರವೂ ಬರಲಿಲ್ಲ. ಚಿತಾದಿಂದ ರೈಲಿನ ಫೋಟೋ ಬಂತು, ರೀಗಾದಿಂದ ನಡೆ ಬಂತು. ಅವಳು ಅವಕ್ಕೆ ಉತ್ತರ ಬರೆದಳು, ಮತ್ತು ಪ್ರತಿ ವಾರ ಆ ಮಬ್ಬು ಫೋಲ್ಡರನ್ನು ಡಿ-ಗೆ ಪ್ರತಿ ಮಾಡಿ ತೂಕ ನೋಡುತ್ತಿದ್ದಳು.

ಒಂದು ಸಂಜೆ ಊಲ್ಕಾನ್ ಕೆನೆ ಕೇಳಲು ಬಂದವಳು ಕಿಟಕಿಯ ಬಳಿ ನಿಂತಳು. "ಇಲ್ಲೊಂದು ಹಾಸು ಹೆಚ್ಚಾಗಿದೆ. ಕಪಾಟಿನದ್ದು ಕೆಳಗಿಳಿಸಿದ್ಯಾ?"

"ಹೂಂ, ಏಜೆ."

"ಇವನ ಮುಖನಾದ್ರೂ ನೋಡಿದ್ಯೇನೇ?"

"ಇಲ್ಲ."

ಊಲ್ಕಾನ್ ಬಾಗಿ ಹಾಸನ್ನು ನೋಡಿದಳು. ಆಟ ಬಾರದಿದ್ದರೂ ಒಂಟಿಯಾಗಿ ನಿಂತ ಕಾಯಿ ಅವಳ ಕಣ್ಣಿಗೂ ಬಿತ್ತು. "ಇದನ್ನ ಹೀಗೆ ಬಿಟ್ರೆ ಅವನು ಹೊಡ್ಕೊಂಡು ಹೋಗಲ್ವೇನೇ?"

"ಹೊಡೀಲಿ" ಅಂದಳು ಸಾಯ್ಕಾಲ್, ಕೆನೆಯ ಪಾತ್ರೆಯನ್ನು ಅವಳ ಕೈಗೆ ಕೊಡುತ್ತ. "ಅವರ ಸರದಿ."